ಉತಾರದಲ್ಲಿ ಯಾರ ಹೆಸರಿದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ರೈತರು ಮತ್ತು ಕಾನೂನು’. ಇದು ಬಹಳ ದೊಡ್ಡ ವಿಷಯ. ಬೀಜ, ಗೊಬ್ಬರ, ಸಾಲ, ವಿಮೆ, ನೀರು, ಮಾರುಕಟ್ಟೆ ಎಲ್ಲದಕ್ಕೂ ಒಂದೊಂದು ಕಾಯ್ದೆ ಇದೆ. ಎಲ್ಲವನ್ನೂ ಹೇಳಹೊರಟರೆ ಊಟದ ಹೊತ್ತು ಮೀರುತ್ತದೆ, ನಿಮಗೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಒಂದೇ ಮಾತು ಹೇಳುತ್ತೇನೆ. ನಿಮ್ಮ ಹೊಲದ ಉತಾರದಲ್ಲಿ ಯಾರ ಹೆಸರಿದೆ ಎಂದು ನೋಡಿರಿ. ಇರಬೇಕಾದವರ ಹೆಸರು ಅಲ್ಲಿ ಇಲ್ಲದಿದ್ದರೆ, ಮನೆಯ ಹಿರಿಯರು ಬದುಕಿರುವಾಗಲೇ, ಅಣ್ಣತಮ್ಮಂದಿರು ಅಕ್ಕತಂಗಿಯರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿರುವಾಗಲೇ ಅದನ್ನು ಸರಿ ಮಾಡಿಸಿಕೊಳ್ಳಿರಿ. ಇದನ್ನು ಏಕೆ ಹೇಳುತ್ತಿದ್ದೇನೆ, ಹೇಗೆ ಮಾಡಬೇಕು ಎಂಬುದಷ್ಟೇ ನನ್ನ ಭಾಷಣ.

ನಮ್ಮ ಈ ಭಾಗಕ್ಕೆ ಹೋರಾಟ ಹೊಸದಲ್ಲ. ಇಲ್ಲಿಂದ ಹುಬ್ಬಳ್ಳಿಯ ಕಡೆ ಹೊರಟರೆ ಮಲಪ್ರಭೆ ದಾಟಿ ನರಗುಂದ, ಅದರ ಮುಂದೆ ನವಲಗುಂದ. 1980ರ ಜುಲೈ 21ರಂದು ಅಲ್ಲಿ ಏನಾಯಿತು ಎಂಬುದು ಹಿರಿಯರಿಗೆ ಗೊತ್ತಿದೆ. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು, ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಆ ದಿನವನ್ನು ಹುತಾತ್ಮ ರೈತರ ದಿನವೆಂದು ಆಚರಿಸುತ್ತೇವೆ. ಅದು ರೈತ ಮತ್ತು ಸರಕಾರದ ನಡುವಿನ ಜಗಳ. ಊರೆಲ್ಲ ಒಂದಾಗಿ ನಿಂತಿತ್ತು. ಇಂದು ಕೋರ್ಟಿನ ಜಗುಲಿಯ ಮೇಲೆ ನಾನು ದಿನವೂ ಕಾಣುವ ಜಗಳ ಬೇರೆ ತರಹದ್ದು. ವಾದಿ ಅಣ್ಣ, ಪ್ರತಿವಾದಿ ತಮ್ಮ. ವಾದಿ ತಂಗಿ, ಪ್ರತಿವಾದಿಗಳು ಮೂವರು ಅಣ್ಣಂದಿರು. ಈ ಜಗಳಗಳಲ್ಲಿ ಬಹಳಷ್ಟು ದುರಾಸೆಯಿಂದ ಹುಟ್ಟಿದವಲ್ಲ. ಕಾಲಕ್ಕೆ ಸರಿಯಾಗಿ ಒಂದು ಹೆಸರು ಬರೆಸದೆ ಬಿಟ್ಟದ್ದರಿಂದ ಹುಟ್ಟಿದವು.

ಮೊದಲು ಉತಾರ ಎಂದರೇನು ಎಂಬುದನ್ನು ತಿಳಿಯೋಣ. ಬೆಂಗಳೂರು ಮೈಸೂರಿನ ಕಡೆ ಪಹಣಿ ಎನ್ನುವುದನ್ನೇ ನಾವು ಉತಾರ ಎನ್ನುತ್ತೇವೆ. ನಮ್ಮದು 1956ರ ನವೆಂಬರ್ 1ರವರೆಗೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆ. ಹಾಗಾಗಿ ನಮ್ಮ ದಾಖಲೆಗಳಲ್ಲಿ ಇಂದಿಗೂ ಉತಾರ, ಡೈರಿ, ವರ್ದಿ, ವಾಟ್ನಿ, ವಾರಸಾ, ಬೋಜಾ ಎಂಬ ಮಾತುಗಳು ಉಳಿದಿವೆ. ಉತಾರದ 9ನೇ ಕಾಲಂನಲ್ಲಿ ಹೊಲ ಯಾರ ಹೆಸರಿನಲ್ಲಿದೆ ಎಂಬುದು, 10ನೇ ಕಾಲಂನಲ್ಲಿ ಅದು ಅವರಿಗೆ ಹೇಗೆ ಬಂತು ಎಂಬುದು, 11ರಲ್ಲಿ ಅದರ ಮೇಲಿನ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತವೆ. ಬ್ಯಾಂಕಿನ ಬೋಜಾ ಇದ್ದರೆ 11ನೇ ಕಾಲಂ ನೋಡಿರಿ. ಸಾಲ ತೀರಿದ ಮೇಲೂ ಅದು ಅಲ್ಲಿಯೇ ಕೂತಿರುವ ಉತಾರಗಳು ಬೇಕಾದಷ್ಟಿವೆ.

ಉತಾರ ಮಾಲಕಿಯ ಹಕ್ಕುಪತ್ರವಲ್ಲ, ಇದನ್ನು ಚೆನ್ನಾಗಿ ನೆನಪಿಡಬೇಕು. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಇಲ್ಲದ ಹಕ್ಕು ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಇದ್ದ ಹಕ್ಕು ಸಾಯುವುದಿಲ್ಲ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಬೇರೆ ರುಜುವಾತು ಆಗುವ ತನಕ ಉತಾರದಲ್ಲಿ ಇರುವುದೇ ನಿಜ ಎಂದು ತಿಳಿಯಬೇಕು. ಅಂದರೆ ಸುಳ್ಳು ಎಂದು ತೋರಿಸುವ ಹೊರೆ, ಹೆಸರು ಇಲ್ಲದವರ ಹೆಗಲ ಮೇಲೆ ಬೀಳುತ್ತದೆ. ಹತ್ತು ವರ್ಷ ಕೋರ್ಟಿಗೆ ಅಲೆಯುವುದು ಈ ಹೊರೆಯನ್ನು ಹೊತ್ತುಕೊಂಡೇ.

ನನ್ನ ಕಚೇರಿಗೆ ಬರುವವರು ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ. “ವಕೀಲ್ ಸಾಹೇಬ್ರ, ಹೊಲ ನಮ್ದ ಐತ್ರಿ. ಉತಾರ ಅಷ್ಟ ಮುತ್ಯಾನ ಹೆಸರಲೆ ಐತಿ.” ಮುತ್ಯಾ ತೀರಿ ನಲವತ್ತು ವರ್ಷವಾಗಿರುತ್ತದೆ. ಭೂಮಿಯ ಹಕ್ಕು ವಾರಸಾದಿಂದಾಗಲಿ ವಾಟ್ನಿಯಿಂದಾಗಲಿ ಬಂದಾಗ ಮೂರು ತಿಂಗಳೊಳಗೆ ವರ್ದಿ ಕೊಡಬೇಕೆಂದು ಅದೇ ಕಾಯ್ದೆಯ 128ನೇ ಕಲಂ ಹೇಳುತ್ತದೆ. ತಡವಾದರೂ ಕೊಡಬಹುದು, ಬಾಗಿಲು ಮುಚ್ಚಿಲ್ಲ. ಆದರೆ ನಲವತ್ತು ವರ್ಷದಲ್ಲಿ ಮುತ್ಯಾನ ನಾಲ್ಕು ಮಕ್ಕಳು ಹದಿನಾರು ಮೊಮ್ಮಕ್ಕಳಾಗಿ, ಒಬ್ಬರು ಗೋವಾದಲ್ಲಿ, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಎಲ್ಲಿದ್ದಾರೋ ಗೊತ್ತಿಲ್ಲದಂತೆ ಆಗಿರುತ್ತದೆ. ಒಂದು ಮರಣ ಪ್ರಮಾಣಪತ್ರ, ಒಂದು ವಂಶಾವಳಿಯಿಂದ ಮುಗಿಯಬೇಕಾದ ಕೆಲಸಕ್ಕೆ ಆಗ ಆರು ಮರಣ ಪ್ರಮಾಣಪತ್ರಗಳು ಬೇಕಾಗುತ್ತವೆ.

ತೀರಿಹೋದವರ ಹೆಸರಿನಲ್ಲಿ ಉತಾರ ಇದ್ದರೆ ಆಗುವ ನಷ್ಟ ಸಣ್ಣದಲ್ಲ. ಬೆಳೆಸಾಲ ಸಿಗುವುದಿಲ್ಲ. ಬೆಳೆವಿಮೆಗೆ ತೊಡಕಾಗುತ್ತದೆ. ಬರ ಪರಿಹಾರದ ಹಣ ಈಗ ಫ್ರೂಟ್ಸ್ ಐಡಿಯ ಮೂಲಕ ಖಾತೆಗೆ ಬರುತ್ತದೆ. ಆ ಐಡಿಗೆ ಜೋಡಿಸಲು ನಿಮ್ಮ ಹೆಸರಿನ ಸರ್ವೆ ನಂಬರ್ ಬೇಕು. ವರ್ಷಕ್ಕೆ 6000 ರೂಪಾಯಿ ಬರುವ ಪಿಎಂ ಕಿಸಾನ್ ಯೋಜನೆಯ ನಿಯಮ ನೋಡಿರಿ. 2019ರ ಫೆಬ್ರುವರಿ 1ರಂದು ಯಾರ ಹೆಸರಿನಲ್ಲಿ ಜಮೀನು ಇತ್ತೋ ಅವರಿಗೆ ಆ ಹಣ. ಆಮೇಲೆ ಹೆಸರು ಬದಲಾದರೆ, ಮಾಲೀಕರು ತೀರಿಕೊಂಡು ವಾರಸಾದಿಂದ ಬದಲಾದದ್ದಕ್ಕೆ ಮಾತ್ರ ವಿನಾಯಿತಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ಬಾದಾಮಿ ತಾಲೂಕಿನ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಹೊಳೆ ಬಂದಾಗ ಅದು ಉತಾರ ನೋಡಿ ಬರುವುದಿಲ್ಲ. ಪರಿಹಾರ ಮಾತ್ರ ಉತಾರ ನೋಡಿಯೇ ಬರುತ್ತದೆ.

ಎರಡನೆಯ ತೊಡಕು, ಹಳೆಯ ಉತಾರಗಳಲ್ಲಿರುವ ಸಣ್ಣ ಅಕ್ಷರಗಳದ್ದು. ಹಿರಿಯ ಮಗನ ಹೆಸರಿನ ಮುಂದೆ ‘ಏ.ಕು.ಮ್ಯಾ.’ ಎಂದು ಇರುತ್ತದೆ. ಏಕತ್ರ ಕುಟುಂಬದ ಮ್ಯಾನೇಜರ್ ಎಂದು ಅರ್ಥ. ಅಪ್ಪ ತೀರಿದಾಗ ತಮ್ಮಂದಿರು ಚಿಕ್ಕವರಿರುತ್ತಾರೆ, ಹಿರಿಯ ಅಣ್ಣನ ಹೆಸರನ್ನು ಎಲ್ಲರ ಪರವಾಗಿ ಬರೆಸಿರುತ್ತಾರೆ. ಹೊಲ ಅವನೊಬ್ಬನದಲ್ಲ, ಎಲ್ಲರದು. ಕೈಬರಹದ ಉತಾರ ಹೋಗಿ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಉತಾರ ಬಂದಾಗ ಎಷ್ಟೋ ಕಡೆ ಹೆಸರು ಉಳಿಯಿತು, ಆ ಮೂರು ಅಕ್ಷರ ಕಾಣೆಯಾದವು. ಅಣ್ಣ ಇರುವ ತನಕ ಏನೂ ತೊಂದರೆಯಿಲ್ಲ, ಅವನಿಗೆ ಎಲ್ಲ ಗೊತ್ತು. ಅವನ ಮಕ್ಕಳ ಕಾಲಕ್ಕೆ ಅವರು ಕಾಗದ ತೋರಿಸಿ, “ಇದು ನಮ್ಮಪ್ಪನ ಹೆಸರಿನಾಗ ಐತೆಲ್ಲ ಕಾಕಾ” ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅವರಿಗೆ ತಿಳಿದದ್ದೇ ಅಷ್ಟು. ಅದಕ್ಕೇ ಈಗಿನ ಉತಾರದ ಜೊತೆ ಹಳೆಯ ಕೈಬರಹದ ಉತಾರ, ಅದರಲ್ಲಿ ಬರೆದಿರುವ ಡೈರಿ ನಂಬರಿನ ನಕಲನ್ನೂ ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಿಂದ ತೆಗೆಸಿ ಮನೆಯಲ್ಲಿ ಇಟ್ಟುಕೊಳ್ಳಿರಿ. ಯಾವ ಆಧಾರದ ಮೇಲೆ ಹೆಸರು ಏರಿತು ಎಂಬುದು ಡೈರಿಯಲ್ಲಿ ಇರುತ್ತದೆ.

ಅದೇ ರೀತಿ ಚಿಕ್ಕ ಮಕ್ಕಳ ಹೆಸರಿನ ಜೊತೆ ‘ಅ.ಪಾ.ಕ.’ ಎಂದು ತಾಯಿಯ ಅಥವಾ ಕಾಕಾನ ಹೆಸರು ಪಾಲನೆ ಮಾಡುವವರೆಂದು ಇರುತ್ತದೆ. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಅದನ್ನು ತೆಗೆಸಬೇಕು. ಮೂವತ್ತೈದು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಉತಾರದಲ್ಲಿ ಇನ್ನೂ ಅಜ್ಞಾನ ಬಾಲಕನಾಗಿ ಉಳಿದಿರುವುದನ್ನು ನಾನು ಕಂಡಿದ್ದೇನೆ. ಇಲ್ಲಿ ನಮ್ಮ ಶಾಲೆಯ ಉಪಕಾರವೂ ನೆನೆಯಬೇಕು. ವಯಸ್ಸು, ತಂದೆಯ ಹೆಸರು, ತಾಯಿಯ ಹೆಸರು ಸಾಬೀತು ಮಾಡಲು ಕೋರ್ಟಿಗೆ ಬರುವ ಕಾಗದಗಳಲ್ಲಿ ಶಾಲೆಯ ದಾಖಲಾತಿ ರಜಿಸ್ಟರಿನ ನಕಲಿಗೆ ತೂಕವಿದೆ. ಹೆಡ್‌ಮಾಸ್ತರರು ಐವತ್ತು ವರ್ಷ ಕಾಪಾಡಿಕೊಂಡು ಬಂದ ಆ ದಪ್ಪ ಪುಸ್ತಕಗಳು ಎಷ್ಟೋ ಮನೆಗಳ ಹೊಲ ಉಳಿಸಬಲ್ಲ ಸಾಕ್ಷಿಗಳು. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಉತಾರದಲ್ಲಿ ಕರೆಯುವ ಹೆಸರು ಹೀಗೆ ಮೂರು ಇದ್ದರೆ ಈಗಲೇ ಒಂದು ಮಾಡಿಕೊಳ್ಳಿರಿ.

ಮೂರನೆಯದು ಬಾಯಿಮಾತಿನ ವಾಟ್ನಿ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ಮೂಡಣ ಪಟ್ಟಿ ನಿನಗೆ, ಪಡುವಣ ಪಟ್ಟಿ ನಿನಗೆ ಎಂದು ಹಂಚಿದರು. ಬದು ಹಾಕಿದರು, ಬಿತ್ತಿದರು, ಉಂಡರು. ಹಿಂದೂ ಕಾನೂನಿನಲ್ಲಿ ಬಾಯಿಮಾತಿನ ವಾಟ್ನಿ ಆಗಲಾರದು ಎಂದೇನಿಲ್ಲ. ತೊಂದರೆ ಇರುವುದು ಸಾಬೀತಿನಲ್ಲಿ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಾರೆ. ಆಗ ಉಳಿಯುವುದು ಉತಾರ ಮಾತ್ರ, ಅದರಲ್ಲಿ ಎಲ್ಲರ ಹೆಸರು ಜಂಟಿಯಾಗಿರುತ್ತದೆ. ಇನ್ನು ಬಾಂಡ್ ಪೇಪರಿನ ಮೇಲೆ ವಾಟ್ನಿ ಪತ್ರ ಬರೆದು ಅಂಗಡಿಯಲ್ಲಿ ಸಹಿ ಮಾಡಿ ಟ್ರಂಕಿನಲ್ಲಿ ಇಟ್ಟವರಿದ್ದಾರೆ. ಆ ಪತ್ರದಿಂದಲೇ ಹೊಲ ಹಂಚಿದ್ದಾದರೆ ಅದು ನೋಂದಣಿ ಆಗಲೇಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ಅದನ್ನು ಹಂಚಿಕೆಯ ಸಾಕ್ಷಿಯಾಗಿ ಓದುವಂತಿಲ್ಲ. ಕುಟುಂಬದೊಳಗಿನ ವಾಟ್ನಿಯ ನೋಂದಣಿ ಖರ್ಚು ಖರೀದಿಯ ಖರ್ಚಿಗೆ ಹೋಲಿಸಿದರೆ ಬಹಳ ಕಡಿಮೆ. ಒಂದು ಮದುವೆಯ ಪೆಂಡಾಲಿನ ಖರ್ಚೂ ಆಗುವುದಿಲ್ಲ.

ವಾಟ್ನಿ ಪತ್ರ ಬರೆಸುವಾಗ ಎಕರೆ ಗುಂಟೆ ಬರೆದರೆ ಸಾಲದು. ಸರ್ವೇಯರರಿಂದ 11-ಇ ನಕ್ಷೆ ಮಾಡಿಸಿರಿ, ಆಮೇಲೆ ಪೋಡಿ ಮಾಡಿಸಿ ನಿಮ್ಮ ನಿಮ್ಮ ಹಿಸ್ಸಾ ನಂಬರ್ ಬೇರೆ ಮಾಡಿಸಿಕೊಳ್ಳಿರಿ. ಹಿಂದಿನ ಹೊಲದವನಿಗೆ ಬಂಡಿದಾರಿ ಎಲ್ಲಿಂದ, ಎಷ್ಟು ಅಗಲ, ಭಾವಿಯ ನೀರು ಯಾರಿಗೆ ಎಷ್ಟು ದಿನ, ಬೋರಿನ ಕರೆಂಟ್ ಮೀಟರ್ ಯಾರ ಹೆಸರಿನಲ್ಲಿ, ಬದುವಿನ ಮೇಲಿನ ಬೇವಿನ ಮರ ಯಾರದು ಎಂಬುದನ್ನೆಲ್ಲ ಬರೆಸಿರಿ. ನಗಬೇಡಿ. ಒಂದು ಬೇವಿನ ಮರಕ್ಕಾಗಿ ತಲೆ ಒಡೆದುಕೊಂಡವರ ಕ್ರಿಮಿನಲ್ ಕೇಸು ನಡೆಸಿದ ವಕೀಲರು ಈ ಸಭೆಯಲ್ಲೇ ಇದ್ದಾರೆ.

ಈಗ ನಾಲ್ಕನೆಯ ಮಾತು. ಇದು ಈ ಸಭೆಯಲ್ಲಿ ಎಲ್ಲರಿಗೂ ಹಿಡಿಸದೆ ಇರಬಹುದು, ಆದರೂ ಹೇಳಲೇಬೇಕು. ನಮ್ಮ ಶಾಲೆಯಲ್ಲಿ ಗಂಡುಮಕ್ಕಳ ಪಕ್ಕದ ಸಾಲಿನಲ್ಲೇ ಹೆಣ್ಣುಮಕ್ಕಳೂ ಕೂತು ಓದಿದರು. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು. ಮನೆಯ ವರ್ದಿಗೆ ಬಂದಾಗ ಮಾತ್ರ ಹೆಣ್ಣುಮಕ್ಕಳ ಹೆಸರು ಮಾಯವಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು ಎಂಬುದು ಅಂದಿನಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳದಾಗಿತ್ತು. ನಮ್ಮ ರಾಜ್ಯ ತನ್ನ ತಿದ್ದುಪಡಿಯಿಂದ 1994ರ ಜುಲೈ 30ರಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದು, ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳು ಎಂದಿತು. 2005ರಲ್ಲಿ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅಪ್ಪ ಬದುಕಿರಬೇಕಾದ ಅಗತ್ಯವಿಲ್ಲ ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಾಟ್ನಿ ಇದ್ದರೆ ಅದಕ್ಕೆ ಧಕ್ಕೆಯಿಲ್ಲ. ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ವಾಟ್ನಿ ಆಗಿತ್ತು ಎಂಬ ವಾದವನ್ನು ಸರಕಾರಿ ದಾಖಲೆಗಳ ಬಲವಾದ ಆಧಾರವಿಲ್ಲದೆ ಸುಲಭವಾಗಿ ಒಪ್ಪಬಾರದು ಎಂದೂ ಅದೇ ತೀರ್ಪು ಹೇಳಿದೆ. ನಮ್ಮ ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಅಲ್ಲಿಯೂ ಮಗಳಿಗೆ ಪಾಲು ಇದ್ದೇ ಇದೆ.

ಅಣ್ಣನೊಬ್ಬನೇ ಇಪ್ಪತ್ತು ವರ್ಷ ಉಳುಮೆ ಮಾಡಿದ್ದರಿಂದ ತಂಗಿಯ ಹಕ್ಕು ಹೋಗುತ್ತದೆಯೇ ಎಂದು ಕೇಳುತ್ತಾರೆ. ಹೋಗುವುದಿಲ್ಲ. ಜಂಟಿ ಪಾಲುದಾರರಲ್ಲಿ ಒಬ್ಬರ ಕಬಜಾ ಎಲ್ಲರ ಕಬಜಾ ಎಂದೇ ಕಾನೂನು ಎಣಿಸುತ್ತದೆ. ತಂಗಿ ವರ್ದಿಗೆ ಹೆಬ್ಬೆಟ್ಟು ಒತ್ತಿದ್ದರಿಂದ ಹೋಗುತ್ತದೆಯೇ ಎಂದೂ ಕೇಳುತ್ತಾರೆ. ಹಕ್ಕು ಬಿಟ್ಟುಕೊಡುವುದಾದರೆ ಅದಕ್ಕೆ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಬೇಕು. ತಿಳಿದು, ಒಪ್ಪಿ, ಮನಸಾರೆ ಬಿಟ್ಟುಕೊಡುವ ಅಕ್ಕತಂಗಿಯರಿದ್ದಾರೆ, ಅದು ಅವರ ದೊಡ್ಡತನ. ಆದರೆ ಅಪ್ಪನ ತಿಥಿಗೆ ಬಂದು ಕಣ್ಣೊರೆಸಿಕೊಳ್ಳುತ್ತ ಕೂತ ಹೆಣ್ಣುಮಗಳ ಮುಂದೆ ಕಾಗದ ಹಿಡಿದು “ಇಲ್ಲೊಂದು ಸಹಿ ಮಾಡವ್ವ, ಬ್ಯಾಂಕಿಗೆ ಬೇಕು” ಎನ್ನುವುದು ಬೇರೆ. ಅಂತಹ ಸಹಿಯ ಮೇಲೆ ಕಟ್ಟಿದ ಉತಾರ ಗಟ್ಟಿಯಲ್ಲ. ಮುಂದೆ ಆ ಹೊಲ ಮಾರುವಾಗ, ಸಾಲ ಎತ್ತುವಾಗ ಅದು ನಿಮ್ಮ ಮಕ್ಕಳಿಗೇ ಮುಳ್ಳಾಗುತ್ತದೆ.

ಹೆಣ್ಣುಮಕ್ಕಳು ಏಕೆ ಕೇಳುವುದಿಲ್ಲ ಎಂಬುದೂ ನನಗೆ ಗೊತ್ತು. “ಪಾಲು ಕೇಳಿದ್ರ ಪಂಚಮಿಗೆ ಕರಿಯಾಕ ಯಾರೂ ಬರೂದಿಲ್ಲ ಅಣ್ಣಾ” ಎಂದು ಒಬ್ಬಾಕೆ ನನಗೆ ಹೇಳಿದಳು. ತವರಿನ ದಾರಿಯನ್ನೂ ಹೊಲವನ್ನೂ ತಕ್ಕಡಿಯ ಎರಡು ಕಡೆ ಇಟ್ಟು ಅವರು ದಾರಿಯನ್ನೇ ಆರಿಸುತ್ತಾರೆ. ಆ ತಕ್ಕಡಿಯನ್ನು ಅವರ ಕೈಗೆ ಕೊಟ್ಟವರು ನಾವು, ಅಂದರೆ ಅಣ್ಣತಮ್ಮಂದಿರು.

ನಮ್ಮ ಜಿಲ್ಲೆಯದೇ ಒಂದು ಮನೆಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಹನ್ನೆರಡು ಎಕರೆ ಹೊಲ, ಮೂವರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಅಪ್ಪ ತೀರಿದಾಗ ಹಿರಿಯವನ ಹೆಸರು ಏ.ಕು.ಮ್ಯಾ. ಎಂದು ಏರಿತು. ವರ್ದಿಯಲ್ಲಿ ಮೂರು ಗಂಡುಮಕ್ಕಳ ಯಾದಿ ಇತ್ತು, ಮಗಳ ಹೆಸರಿರಲಿಲ್ಲ. ಬಾಯಿಮಾತಿನಲ್ಲಿ ನಾಲ್ಕು ನಾಲ್ಕು ಎಕರೆ ಹಂಚಿಕೊಂಡು ಮೂವತ್ತು ವರ್ಷ ಸುಖವಾಗಿ ಉಂಡರು. ಒಂದು ದಿನ ಸರಕಾರದ ನೋಟಿಸು ಬಂತು, ನಡುವಿನವನ ಪಟ್ಟಿಯ ಬಹುಭಾಗ ಭೂಸ್ವಾಧೀನಕ್ಕೆ ಹೋಯಿತು. ಹಣ ಉತಾರದಲ್ಲಿದ್ದ ಹಿರಿಯವನ ಮಕ್ಕಳ ಹೆಸರಿಗೆ ಬರುವುದಿತ್ತು. ನಡುವಿನವನು ಹೋಗಿದ್ದು ನನ್ನ ಹೊಲ ಎಂದ. ಕಿರಿಯವನು, ವಾಟ್ನಿಯೇ ಆಗಿಲ್ಲ, ಮೂವರಿಗೂ ಸಮ ಎಂದ. ತಕರಾರು ಬಿದ್ದ ಕೂಡಲೇ ಹಣ ಕೋರ್ಟಿನಲ್ಲಿ ಠೇವಣಿಯಾಯಿತು. ಅದು ಅಲ್ಲಿ ಕೂತಿದ್ದಷ್ಟು ಕಾಲ ಹೊಲವೂ ಇಲ್ಲ, ರೊಕ್ಕವೂ ಇಲ್ಲ. ನಡುವಿನವನು ತೀರ್ಪು ಕಾಣದೆ ತೀರಿಕೊಂಡ. ತಂಗಿಯನ್ನೂ ಪಕ್ಷಗಾರಳಾಗಿ ಸೇರಿಸಬೇಕಾಯಿತು. ಆಕೆ ಮೊದಲ ದಿನ ಹೇಳಿದ್ದು ಇಷ್ಟೇ: “ನನಗ ರೊಕ್ಕದ ಆಸೆ ಇಲ್ಲ. ಅಪ್ಪನ ಮಕ್ಕಳ ಯಾದಿಯೊಳಗ ನನ್ನ ಹೆಸರೂ ಬರೀರಿ.” ಕಡೆಗೆ ಲೋಕ ಅದಾಲತಿನಲ್ಲಿ ರಾಜಿಯಾಯಿತು. ಆಕೆಗೂ ಪಾಲು ಬಂತು, ಯಾದಿಯಲ್ಲಿ ಹೆಸರೂ ಬಂತು. ಇದನ್ನೇ ಮೂವತ್ತು ವರ್ಷದ ಹಿಂದೆ ಮಾಡಿದ್ದರೆ ಒಂದು ಮಧ್ಯಾಹ್ನದ ಕೆಲಸವಾಗಿತ್ತು.

ಭೂಸ್ವಾಧೀನದ ಮಾತು ಬಂದದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಹೊಲ ಮನೆ ಕಳೆದುಕೊಂಡವರ ಜಿಲ್ಲೆ ನಮ್ಮದು. ಹಳೆಯ ಬಾಗಲಕೋಟೆಯ ಜನ ನವನಗರಕ್ಕೆ ಬಂದದ್ದು ಅದೇ ಕಾರಣಕ್ಕೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ, ಅದಕ್ಕೆ ಇನ್ನೂ ಹೊಲಗಳು ಬೇಕು. ಕಾಲುವೆ, ರೈಲು ಮಾರ್ಗ, ಹೆದ್ದಾರಿಗಳಿಗೂ ಬೇಕು. ನಮ್ಮ ಕುಳಗೇರಿ ಕ್ರಾಸ್ ಹೆದ್ದಾರಿಯ ಮೇಲೆಯೇ ಇರುವ ಊರು. ಆದ್ದರಿಂದ ಇದು ಬೇರೆಯವರ ಸಂಗತಿಯಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮೊದಲ ಪ್ರಕಟಣೆ ಬಂದ 60 ದಿನಗಳೊಳಗೆ ಆಕ್ಷೇಪಣೆ ಕೊಡಬಹುದು. ಪರಿಹಾರ ಕಡಿಮೆ ಎನಿಸಿದರೆ ಹಣ ಪಡೆಯುವಾಗಲೇ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆಯಬೇಕು. ಸುಮ್ಮನೆ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ. ಐತೀರ್ಪಿನ ಹೊತ್ತಿಗೆ ನೀವು ಹಾಜರಿದ್ದರೆ 6 ವಾರದೊಳಗೆ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕಬೇಕು. ಅರ್ಜಿ ಹಾಕದೆ ಉಳಿದವರಿಗೂ ಒಂದು ಅವಕಾಶವಿದೆ. ಅದೇ ಪ್ರಕಟಣೆಯಲ್ಲಿ ಹೊಲ ಹೋದ ನೆರೆಯವರಿಗೆ ಪ್ರಾಧಿಕಾರ ಹೆಚ್ಚಿನ ದರ ಕೊಟ್ಟರೆ, ಆ ತೀರ್ಪು ಬಂದ 3 ತಿಂಗಳೊಳಗೆ ತಮಗೂ ಅದೇ ದರ ಬೇಕೆಂದು ಕೇಳಬಹುದು. ಹಾಗಾಗಿ ಪಕ್ಕದ ಹೊಲದವನ ಕೇಸು ಏನಾಯಿತು ಎಂದು ವಿಚಾರಿಸುತ್ತಿರಬೇಕು. ಗೆದ್ದವರು ನೆರೆಯವರಿಗೆ ತಿಳಿಸುವುದೂ ಒಂದು ಧರ್ಮ. ರಾಷ್ಟ್ರೀಯ ಹೆದ್ದಾರಿಗೆ ಹೋದ ಹೊಲಕ್ಕೆ ಮಾತ್ರ ದಾರಿ ಬೇರೆ, ಅಲ್ಲಿ ಹೆಚ್ಚಿನ ಪರಿಹಾರವನ್ನು ಸರಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಕೇಳಬೇಕು. ಇವೆಲ್ಲಕ್ಕೂ ನೋಟಿಸು ಹೋಗುವುದು ಉತಾರದಲ್ಲಿರುವ ಹೆಸರಿಗೆ. ಆ ಹೆಸರು ತೀರಿಹೋದವರದ್ದಾದರೆ ನಿಮ್ಮ ದಿನಗಳು ನಿಮಗೆ ತಿಳಿಯದೆಯೇ ಕಳೆದುಹೋಗುತ್ತವೆ.

ಇನ್ನೊಂದು ಎಚ್ಚರಿಕೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ರಸ್ತೆಗೆ ಹತ್ತಿದ ಹೊಲಕ್ಕೆ ಹೊರಗಿನಿಂದ ಗಿರಾಕಿ ಬರುತ್ತಾರೆ. ಜಂಟಿ ಉತಾರ ಇದ್ದಾಗ ಒಬ್ಬ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಕೊಟ್ಟರೆ, ಉಳಿದವರು ಗುರುತಿಲ್ಲದವರ ಜೊತೆ ವಾಟ್ನಿ ದಾವೆ ನಡೆಸಬೇಕಾಗುತ್ತದೆ. ಕೊಳ್ಳುವವರೂ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ. ಬಾಂಡ್ ಪೇಪರಿನ ಮೇಲೆ ಪ್ಲಾಟ್ ಕೊಂಡೆ ಎನ್ನುವವರು ಏನನ್ನೂ ಕೊಂಡಿಲ್ಲ.

ಹಾಗಾದರೆ ಏನು ಮಾಡಬೇಕು? ಮನೆಗೆ ಹೋದ ಮೇಲೆ ಎಲ್ಲ ಸರ್ವೆ ನಂಬರುಗಳ ಉತಾರ ತೆಗೆಸಿರಿ. ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಮೊಬೈಲಿನಲ್ಲಿಯೂ ಸಿಗುತ್ತದೆ. ಎಲ್ಲ ಮಕ್ಕಳ ಹೆಸರು, ಗಂಡು ಹೆಣ್ಣು ಭೇದವಿಲ್ಲದೆ, ಬರೆದು ವಂಶಾವಳಿ ಮಾಡಿರಿ. ತೀರಿಹೋದವರ ಹೆಸರಿದ್ದರೆ ವಾರಸಾಕ್ಕೆ ಅರ್ಜಿ ಕೊಡಿರಿ. ಇದಕ್ಕಾಗಿಯೇ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ನಡೆಸುತ್ತಿದೆ. ತಪ್ಪು ಹೆಸರು ಏರಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಇದೆ. ಹೊಲ ಯಾರದು ಎಂಬ ಮೂಲ ಹಕ್ಕಿನ ಜಗಳ ಮಾತ್ರ ಸಿವಿಲ್ ಕೋರ್ಟಿನದು, ಅದಕ್ಕಾಗಿ ಕಂದಾಯ ಕಚೇರಿಗಳಿಗೆ ವರ್ಷಗಟ್ಟಲೆ ಅಲೆದು ಪ್ರಯೋಜನವಿಲ್ಲ.

ಜಗಳ ಆಗಲೇ ಶುರುವಾಗಿದ್ದರೆ? ಬಾದಾಮಿ ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಮತ್ತು ನೆರೆ, ಬರದಿಂದ ನೊಂದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸು ಬರುತ್ತದೆ. ವಕೀಲನಾಗಿ ನಾನೇ ಹೇಳುತ್ತಿದ್ದೇನೆ, ಅಣ್ಣತಮ್ಮಂದಿರ ದಾವೆಯಲ್ಲಿ ಗೆದ್ದವನು ಸಂತೋಷವಾಗಿ ಮನೆಗೆ ಹೋದದ್ದನ್ನು ನಾನು ಹೆಚ್ಚು ಕಂಡಿಲ್ಲ. ರಾಜಿಯಾದವರು ಒಂದೇ ಟಂಟಂನಲ್ಲಿ ಊರಿಗೆ ಹೋದದ್ದನ್ನು ಕಂಡಿದ್ದೇನೆ.

ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೋಣೆ ಕಟ್ಟಿಸಿ ಕೊಟ್ಟಿದ್ದೀರಿ, ಕಂಪ್ಯೂಟರ್ ಕೊಟ್ಟಿದ್ದೀರಿ. ನನ್ನ ಕಡೆಯಿಂದ ಒಂದು ಮಾತು ಕೊಡುತ್ತೇನೆ. ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ ಎಲ್ಲರೂ ಊರಿಗೆ ಬಂದಾಗ, ವಕೀಲಿ ಮಾಡುವ ಹಳೆಯ ವಿದ್ಯಾರ್ಥಿಗಳು ಇದೇ ಶಾಲೆಯ ಕೋಣೆಯಲ್ಲಿ ಒಂದು ದಿನ ಕೂರುತ್ತೇವೆ. ಫೀ ಇಲ್ಲ. ನೀವು ಉತಾರ, ಹಳೆಯ ಡೈರಿ, ಮರಣ ಪ್ರಮಾಣಪತ್ರ ತನ್ನಿರಿ. ಓದಿ ಹೇಳುತ್ತೇವೆ, ಅರ್ಜಿ ಬರೆದುಕೊಡುತ್ತೇವೆ. ಒಂದೇ ಶರತ್ತು: ಬರುವಾಗ ಅಣ್ಣತಮ್ಮಂದಿರು ಅಕ್ಕತಂಗಿಯರನ್ನೂ ಜೊತೆಗೆ ಕರೆದುಕೊಂಡು ಬರಬೇಕು.